ಅಕ್ಕನ ದನಿ, ಅಪ್ಪನ ತಕ್ಕಡಿ

ಯಶವಂತಪುರದ ನಮ್ಮ ವಠಾರದಲ್ಲಿ ಏಳು ಮನೆಗಳಿದ್ದವು. ಏಳೂ ಮನೆಯವರು ನನ್ನ ಗಂಟಲಲ್ಲಿ ಬಾಡಿಗೆ ಕೊಡದೆ ವಾಸವಾಗಿದ್ದರು. ಓನರಮ್ಮ ನಲ್ಲಿ ನೀರಿಗೆ ಜಗಳ ತೆಗೆಯುವುದು, ಮೂಲೆಮನೆಯ ಮೇಷ್ಟ್ರು ಕೆಮ್ಮುಗಳ ನಡುವೆ ಪಾಠ ಹೇಳುವುದು, ಹಾಲಿನವನು ಮಕ್ಕಳ ಮೇಲೆ ಆಣೆ ಇಡುವುದು, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ಯಾರೂ ಸಿಗದ ದಿನ ನನ್ನನ್ನೇ ಮಾಡುತ್ತಿದ್ದೆ: ಪಿ.ಯು.ಸಿ.ಯಲ್ಲಿ ಎರಡು ಸಲ ಡುಮ್ಕಿ ಹೊಡೆದ, ನಲವತ್ತಾರು ಕೆ.ಜಿ. ತೂಗುವ ಹುಡುಗನೊಬ್ಬ ರಿಸಲ್ಟ್ ಬೋರ್ಡಿನ ಮುಂದೆ ಬೇರೆ ಯಾರದೋ ನಂಬರ್ ಹುಡುಕುವವನಂತೆ ನಿಂತಿರುವುದು. ಇದಕ್ಕೆ ಅವ್ವನೂ ಸೆರಗು ಬಾಯಿಗಿಟ್ಟು ನಗುತ್ತಿದ್ದಳು.

ನಾವು ಬಿಜಾಪುರದ ಕಡೆಯವರು. ಅಪ್ಪ ಮಾರ್ಕೆಟ್ ಯಾರ್ಡಿನ ಹತ್ತಿರದ ಒಂದು ವೇಬ್ರಿಡ್ಜಿನಲ್ಲಿ ಲಾರಿ ತೂಗುವ ಕೆಲಸಕ್ಕಿದ್ದ. ತುಂಬಿದ ಲಾರಿಯನ್ನು ಒಮ್ಮೆ ತೂಗಬೇಕು, ಸರಕು ಇಳಿಸಿದ ಮೇಲೆ ಇನ್ನೊಮ್ಮೆ ತೂಗಬೇಕು, ಕಳೆದು ಚೀಟಿ ಬರೆದುಕೊಡಬೇಕು. ತೂಕ ಹೆಚ್ಚು ಬರಲಿ ಅಂತ ಸೀಟಿನಡಿ ಕಲ್ಲು ಇಟ್ಟುಕೊಂಡವರನ್ನು, ಟಾರ್ಪಾಲಿನ ಕೆಳಗೆ ಕ್ಲೀನರನ್ನು ಮಲಗಿಸಿದವರನ್ನು ಹಿಡಿದು ಹಿಡಿದು ಅಪ್ಪನಿಗೆ ಒಂದು ಮಾತು ಗಟ್ಟಿಯಾಗಿಬಿಟ್ಟಿತ್ತು. ‘ತೂಕ ತಾನಾಗೇ ಬರೂದಿಲ್ಲ. ಯಾರರ ಹೇರಿದ್ರ ಬರ್ತೈತಿ.’

ಅಕ್ಕ ನನಗಿಂತ ಐದು ವರ್ಷಕ್ಕೆ ದೊಡ್ಡವಳು. ಒಂದು ಸಣ್ಣ ಕಾರ್ಖಾನೆಯ ಆಫೀಸಿನಲ್ಲಿ ಟೈಪಿಸ್ಟ್. ಬೆಳಿಗ್ಗೆ ಅವಳು ಬಸ್‌ಸ್ಟಾಪಿಗೆ ಹೋಗುವ ವೇಗಕ್ಕೆ ನಾನು ಓಡಬೇಕಾಗುತ್ತಿತ್ತು. ಅವಳನ್ನು ನಾನು ಎಂದೂ ಅನುಕರಿಸಿರಲಿಲ್ಲ. ಹಿಡಿಯಲು ಏನೂ ಸಿಗುತ್ತಿರಲಿಲ್ಲ, ಎಲ್ಲರ ಹಾಗೆ ಮಾತಾಡುತ್ತಿದ್ದಳು.

ಆ ವರ್ಷದ ಯುಗಾದಿಗೆ ಹೊಲಿಸಿದ ಕುಪ್ಪಸ ಒಂದೂವರೆ ತಿಂಗಳಿಗೆ ಬಿಗಿಯಾಯಿತು. ಬಿಚ್ಚಿ ಹೊಲಿಸಿದರು. ಮತ್ತೆ ಬಿಗಿಯಾಯಿತು. ಮುಖ ಊದಿತು, ಕಣ್ಣಿನ ರೆಪ್ಪೆ ಭಾರವಾಯಿತು, ಬಾಚಣಿಗೆಯಲ್ಲಿ ಕೂದಲು ಉಂಡೆಉಂಡೆಯಾಗಿ ಬಂತು. ಮೇ ತಿಂಗಳ ಸೆಖೆಯಲ್ಲಿ ಸ್ವೆಟರ್ ಹಾಕಿಕೊಂಡು ಕೂತಳು. ಟೈಪ್‌ರೈಟರಿನ ಮೇಲೆ ತಲೆಯಿಟ್ಟು ನಿದ್ದೆ ಹೋದಳೆಂದು ಆಫೀಸಿನವರು ಎರಡು ಸಲ ಕರೆದು ಹೇಳಿ, ಮೂರನೆಯ ಸಲ ‘ಮನೇಲಿ ರೆಸ್ಟ್ ತಗೊಳ್ಳಮ್ಮ’ ಎಂದು ಕಳಿಸಿಬಿಟ್ಟರು.

ಅವಳ ದನಿ ಬದಲಾಗಿದ್ದು ಆಗಲೇ. ಟೇಪ್ ರೆಕಾರ್ಡರಿನ ಸೆಲ್ಲು ಮುಗಿಯುತ್ತ ಬಂದಾಗ ಹಾಡು ಹೇಗೆ ಎಳೆದುಕೊಂಡು ದಪ್ಪಗಾಗುತ್ತದೆಯೋ ಹಾಗೆ. ಮನೆಯಲ್ಲಿ ಯಾರಿಗೂ ಅದು ಬೇರೆಯಾಗಿ ಕೇಳಿಸಲಿಲ್ಲ. ನನಗೆ ಕೇಳಿಸಿತು. ಹಿಡಿಯಲು ಕೊನೆಗೂ ಏನೋ ಸಿಕ್ಕಿತಲ್ಲ ಎಂದು ಖುಷಿಯಾಯಿತು.

‘ತಮ್ಮಾ... ಒಂದು... ರಗ್ಗು... ಕೊಡೋ...’

ಮೊದಲ ಸಲ ಮಾಡಿದಾಗ ಅಕ್ಕನೂ ನಕ್ಕಳು. ಅವಳ ನಗು ಮುಖಕ್ಕೆ ಬರುವಷ್ಟರಲ್ಲಿ ನಾವೆಲ್ಲ ನಕ್ಕು ಮುಗಿಸಿದ್ದೆವು. ಆಮೇಲೆ ನನ್ನ ಕೈ ಹಿಡಿದು ಹೇಳಿದಳು: ‘ಮನ್ಯಾಗ ಬೇಕಾದ್ರ ಮಾಡು. ಹೊರಗ ಮಾಡಬ್ಯಾಡೋ.’ ಆಗಲಿ ಎಂದೆ. ಅವಳ ಕೈ ತಣ್ಣಗಿತ್ತು. ಅದಕ್ಕೂ ಒಂದು ಜೋಕು ಹೇಳಿದ್ದೆ. ಏನು ಹೇಳಿದೆನೆಂದು ಈಗ ನೆನಪಿಲ್ಲ.

ಅಪ್ಪ ಅವಳ ಊಟವನ್ನು ಎರಡು ರೊಟ್ಟಿಗೆ ಇಳಿಸಿದ. ಆಮೇಲೆ ಒಂದೂವರೆ. ಆಮೇಲೆ ಒಂದು. ನಮ್ಮ ಮನೆಯಲ್ಲಿ ಜೋಳದ ರೊಟ್ಟಿ ಬಡಿದು ಬುಟ್ಟಿಗೆ ಹಾಕುವಾಗ ಎಣಿಸುವ ಪದ್ಧತಿಯೇ ಇರಲಿಲ್ಲ. ಈಗ ಅವ್ವ ಎಣಿಸಬೇಕಾಯಿತು. ಅದೇ ಪಂಕ್ತಿಯಲ್ಲಿ ಕೂತು ನಾನು ಆರು ತಿನ್ನುತ್ತಿದ್ದೆ. ಆರು ರೊಟ್ಟಿ ತಿನ್ನುವವನು ಕಡ್ಡಿ, ಒಂದು ತಿನ್ನುವವಳು ಊದುತ್ತಿದ್ದಾಳೆ. ಲೆಕ್ಕ ತಪ್ಪಿದೆ ಎಂಬುದಕ್ಕೆ ಸಾಕ್ಷಿ ಎರಡು ತಾಟುಗಳಲ್ಲಿ ಅಕ್ಕಪಕ್ಕದಲ್ಲೇ ಇತ್ತು.

ಭಾನುವಾರ ಅಪ್ಪ ವೇಬ್ರಿಡ್ಜಿನ ಪಕ್ಕದ ಗೋದಾಮಿಗೆ ಅಕ್ಕನನ್ನು ಕರೆದುಕೊಂಡು ಹೋಗುತ್ತಿದ್ದ. ಅಲ್ಲಿ ಮೂಟೆ ತೂಗುವ ಹಲಗೆ ತಕ್ಕಡಿಯಿತ್ತು. ಅಕ್ಕ ಚಪ್ಪಲಿ ಬಿಟ್ಟು, ಸ್ವೆಟರ್ ಬಿಚ್ಚಿ ನನ್ನ ಕೈಗೆ ಕೊಟ್ಟು, ತಲೆ ತಗ್ಗಿಸಿ ಹಲಗೆಯ ಮೇಲೆ ಹತ್ತುತ್ತಿದ್ದಳು. ಅಪ್ಪ ಕಬ್ಬಿಣದ ಬಿಲ್ಲೆಗಳನ್ನು ಒಂದೊಂದಾಗಿ ಏರಿಸುತ್ತಿದ್ದ. ಅರವತ್ತೆಂಟು. ಎಪ್ಪತ್ತು. ಎಪ್ಪತ್ತಮೂರು.

‘ಎಲ್ಲಿಂದ ಬಂತವ್ವಾ ಇದು? ಕದ್ದು ತಿಂತೀಯೇನು?’

‘ಇಲ್ಲೋ ಅಪ್ಪಾ.’

‘ಮತ್ತ ಎಲ್ಲಿಂದ ಬಂತು?’

ಅಕ್ಕ ಹಲಗೆಯ ಮೇಲೆ ನಿಂತೇ ಕಣ್ಣೊರೆಸಿಕೊಂಡಳು. ಗೋಡೆಗೆ ಒರಗಿ ಬೀಡಿ ಸೇದುತ್ತಿದ್ದ ಹಮಾಲಿಯೊಬ್ಬ ನಡುವೆ ಬಾಯಿ ಹಾಕಿದ. ಬ್ಯಾಟರಾಯನಪುರದ ಕಡೆಯ ಮುದುಕ. ‘ಬುಡಿ ಸಾಮಿ, ಆ ಮಗೀನ ಯಾಕೆ ಇಂಗೆ ಅಳುಸ್ತೀರಿ? ಮಳೆಗಾಲ್ದಾಗೆ ಬೆಲ್ಲದ ಮೂಟೆ ತೂಕ ಏರಾಕಿಲ್ವಾ? ಅದ್ಕೆ ಯಾರು ಬೆಲ್ಲ ತುಂಬವ್ರೆ? ತ್ಯಾವ ಈರ್ಕಂತದೆ.’

ಅದು ಯಾರ್ಡಿನಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಮಳೆಗಾಲದಲ್ಲಿ ಬೆಲ್ಲಕ್ಕೂ ಉಪ್ಪಿಗೂ ಅಪ್ಪನೇ ಚೀಟಿಯಲ್ಲಿ ತೇವದ ತೂಕ ಬಿಟ್ಟು ಬರೆಯುತ್ತಿದ್ದ. ಆದರೆ ಅವತ್ತು ಅವನು ಹಮಾಲಿಯ ಕಡೆ ತಿರುಗಿಯೂ ನೋಡಲಿಲ್ಲ. ನಾನು ಸುಮ್ಮನಿದ್ದೆನೇ? ದಾರಿಯುದ್ದಕ್ಕೂ ಹಮಾಲಿಯ ದನಿಯಲ್ಲಿ ‘ತ್ಯಾವ ಈರ್ಕಂತದೆ, ತ್ಯಾವ ಈರ್ಕಂತದೆ’ ಎಂದು ಹೇಳುತ್ತ ಬಂದೆ. ಮಾತನ್ನು ಬಿಟ್ಟೆ, ದನಿಯನ್ನು ಮಾತ್ರ ಇಟ್ಟುಕೊಂಡೆ.

ಒಂದು ಸಂಜೆ ಬುಟ್ಟಿಯಲ್ಲಿ ಎರಡು ರೊಟ್ಟಿ ಕಡಿಮೆಯಾದವು. ಅಪ್ಪ ಅಕ್ಕನನ್ನು ಎದುರಿಗೆ ನಿಲ್ಲಿಸಿಕೊಂಡ. ತಿಂದವನು ನಾನು. ಶೇಂಗಾಚಟ್ನಿ ಹಚ್ಚಿಕೊಂಡು ಹಿತ್ತಲಲ್ಲಿ ನಿಂತು ತಿಂದಿದ್ದೆ. ಒಪ್ಪಿಕೊಂಡೆ ಕೂಡ. ಆದರೆ ಹೆದರಿದಾಗ ನನ್ನ ಬಾಯಿಗೆ ನನ್ನ ದನಿ ಬರುವುದಿಲ್ಲ. ಲಾರಿ ಡ್ರೈವರನ ದನಿ ಬಂತು. ‘ಸಾರ್, ನಂದೇ ಲೋಡು ಸಾರ್, ಎರಡು ರೊಟ್ಟಿ ಓವರ್‌ಲೋಡು.’ ಅಪ್ಪ ಕಪಾಳಕ್ಕೆ ಹೊಡೆದ. ‘ಅಕ್ಕನ್ನ ಉಳಿಸಾಕ ನಾಟಕ ಮಾಡ್ತಿ?’ ಮಾರನೆಯ ದಿನದಿಂದ ರೊಟ್ಟಿ ಬುಟ್ಟಿ ಬೀಗವಿದ್ದ ಟ್ರಂಕಿನೊಳಗೆ ಹೋಯಿತು. ಅಕ್ಕನಿಗೆ ಅರ್ಧ ರೊಟ್ಟಿ.

ಅವಳು ಹಸಿವೆಂದು ಒಮ್ಮೆಯೂ ಹೇಳಲಿಲ್ಲ. ಚಳಿ ಎಂದಷ್ಟೇ ಹೇಳುತ್ತಿದ್ದಳು.

ನವೆಂಬರಿನಲ್ಲಿ ನಮ್ಮ ರಸ್ತೆಯಲ್ಲಿ ರಾಜ್ಯೋತ್ಸವ. ಶಾಮಿಯಾನ, ಆರ್ಕೆಸ್ಟ್ರಾ, ನಡುವೆ ಹದಿನೈದು ನಿಮಿಷ ನನ್ನ ಮಿಮಿಕ್ರಿ. ಅಕ್ಕ ಬಂದಿರಲಿಲ್ಲ. ಅವಳು ಹೊರಗೆ ಬರುವುದನ್ನೇ ಬಿಟ್ಟಿದ್ದಳು. ನಾನು ಓನರಮ್ಮನನ್ನು ಮಾಡಿದೆ, ಮೇಷ್ಟ್ರನ್ನು ಮಾಡಿದೆ, ರೈಲ್ವೆ ಸ್ಟೇಷನ್ನಿನ ಇಡ್ಲಿಯವನನ್ನು ಮಾಡಿದೆ. ನಾನು ಮನೆಯಲ್ಲಿ ಮಾಡುವುದನ್ನು ಕೇಳಿದ್ದ ವಠಾರದ ಹುಡುಗರು ಕೆಳಗಿನಿಂದ ಕೂಗಿದರು: ‘ಮಗಾ, ರಗ್ಗು! ರಗ್ಗು ಮಾಡು ಗುರು!’

ಮಾಡಿದೆ. ಮೈಕಿನಲ್ಲಿ. ಆ ದಪ್ಪ ದನಿ ಲೌಡ್‌ಸ್ಪೀಕರಿನಲ್ಲಿ ಇನ್ನೂ ದಪ್ಪಗೆ ಕೇಳಿ ಇಡೀ ರಸ್ತೆ ಬಿದ್ದು ಬಿದ್ದು ನಕ್ಕಿತು. ನಮ್ಮ ಮನೆ ಅಲ್ಲಿಂದ ಹತ್ತನೆಯದು. ಅಕ್ಕನಿಗೆ ಕೇಳಿಸಿತೋ ಇಲ್ಲವೋ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಬಹುಮಾನ ಹಂಚಲು ಆರ್.ಟಿ. ನಗರದಿಂದ ಒಬ್ಬ ಲೇಡಿ ಡಾಕ್ಟರ್ ಬಂದಿದ್ದರು. ಸ್ಟೇಜಿನ ಹಿಂದೆ ನನ್ನನ್ನು ಕರೆದರು. ಹೊಗಳುತ್ತಾರೆಂದು ಕ್ರಾಪು ಸರಿಮಾಡಿಕೊಂಡು ಹೋದೆ.

‘ಕೊನೇಲಿ ಮಾಡಿದ್ಯಲ್ಲ, ಆ ದನಿ ಯಾರದಪ್ಪ?’

‘ನಮ್ಮಕ್ಕಂದು ಮೇಡಂ.’

‘ಮೊದಲಿಂದಾನೂ ಹಂಗೇ ಮಾತಾಡ್ತಾರಾ?’

‘ಇಲ್ಲ, ಈ ಯುಗಾದಿಯಿಂದೀಚೆಗೆ.’

‘ದಪ್ಪ ಆಗಿದಾರಾ? ಕೂದಲು ಉದುರುತ್ತಾ? ಯಾವಾಗ್ಲೂ ಚಳಿ ಅಂತಾರಾ?’

ಶಾಸ್ತ್ರ ಹೇಳುವವರ ಮುಂದೆ ನಿಂತ ಹಾಗಾಯಿತು. ತಲೆಯಾಡಿಸಿದೆ. ಅವರು ನಗಲಿಲ್ಲ. ‘ನಾಳೆ ಕ್ಲಿನಿಕ್ಕಿಗೆ ಕರ್ಕೊಂಡ್ ಬಾ. ಇದು ಥೈರಾಯ್ಡ್ ಇರಬಹುದು. ಮಾತ್ರೆ ಇದೆ ಇದಕ್ಕೆ. ನಗೋ ವಿಷಯ ಅಲ್ಲ ಇದು, ಗೊತ್ತಾಯ್ತಾ?’

ಗೊತ್ತಾಯಿತು. ಆದರೆ ಮನೆಯಲ್ಲಿ ಹೇಳಬೇಕೆಂದರೆ, ಅಕ್ಕನನ್ನು ನೋಡದ ಡಾಕ್ಟರಿಗೆ ಅಕ್ಕನ ಕಾಯಿಲೆ ಹೇಗೆ ತಿಳಿಯಿತು ಎಂದು ಹೇಳಬೇಕಿತ್ತು. ಕೈ ಹಿಡಿದು ಬೇಡವೆಂದಿದ್ದನ್ನು ಮೈಕಿನಲ್ಲಿ ಮಾಡಿದೆ ಎನ್ನಬೇಕಿತ್ತು. ನಾಳೆ ಹೇಳೋಣ ಎಂದುಕೊಂಡೆ. ವಾರ ಕಳೆಯಿತು. ಏನಾದರೂ ಸುಳ್ಳು ಕಟ್ಟೋಣವೆಂದು ಕೂತೆ. ಊರಿನವರ ದನಿಯನ್ನೆಲ್ಲ ಕದ್ದವನಿಗೆ ಒಂದು ಸುಳ್ಳು ಹೊಳೆಯಲಿಲ್ಲ. ನವೆಂಬರ್ ಮುಗಿಯಿತು.

ಡಿಸೆಂಬರಿನ ಒಂದು ಬೆಳಿಗ್ಗೆ ಅಕ್ಕ ಏಳಲಿಲ್ಲ. ಅವ್ವ ಅಲುಗಿಸಿದಳು, ಕೂಗಿದಳು. ಉಸಿರಿತ್ತು, ಬಹಳ ನಿಧಾನವಾಗಿ. ಮೈ ಮುಟ್ಟಿದರೆ ನೀರಿನ ಕೊಡ ಮುಟ್ಟಿದ ಹಾಗೆ. ಆಟೋದಲ್ಲಿ ಅಪ್ಪನೂ ಅವ್ವನೂ ಅವಳನ್ನು ನಡುವೆ ಕೂರಿಸಿಕೊಂಡು ಹಿಡಿದಿದ್ದರು. ನಾನು ಡ್ರೈವರನ ಪಕ್ಕ ತೂಗಾಡುತ್ತಿದ್ದೆ. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಅವಳ ಕಣ್ಣು, ಕಾಲು, ಗಂಟಲು ನೋಡಿ, ಏನು ತಿನ್ನುತ್ತಿದ್ದಳೆಂದು ಕೇಳಿದರು.

‘ಅರ್ಧ ರೊಟ್ಟಿ,’ ಅಂದಳು ಅವ್ವ.

ಡಾಕ್ಟರು ಪೆನ್ನು ಕೆಳಗಿಟ್ಟರು. ಆಮೇಲೆ ಅಪ್ಪನಿಗೆ ಹೇಳಿದರು: ‘ಗಂಟಲಲ್ಲಿ ಒಂದು ಗ್ರಂಥಿ ಇದೆ. ತಿಂದಿದ್ದನ್ನ ಎಷ್ಟು ಜೋರಾಗಿ ಉರಿಸಬೇಕು ಅಂತ ಅದರ ಹಾರ್ಮೋನು ಮೈಗೆ ಹೇಳುತ್ತೆ. ಇವರಿಗೆ ಅದು ಹೆಚ್ಚುಕಡಿಮೆ ನಿಂತೇಹೋಗಿದೆ. ಊಟ ಕಡಿಮೆ ಮಾಡಿದ್ರೆ ಇಳಿಯೋ ತೂಕ ಅಲ್ಲ ಇದು. ತುಂಬಾ ಲೇಟಾಗಿ ತಂದಿದ್ದೀರಿ.’

‘ಹಂಗಾದ್ರ ತೂಕ ಎಲ್ಲಿಂದ ಬಂತ್ರೀ?’ ಅಪ್ಪ ಕೇಳಿದ. ಅಲ್ಲೂ ಅದೇ ಪ್ರಶ್ನೆ.

‘ಕೊಬ್ಬು ಸ್ವಲ್ಪ. ಹೆಚ್ಚಿನದು ನೀರು. ಮೈ ನೀರು ಹಿಡ್ಕೊಂಡಿದೆ.’

ಅಪ್ಪ ಬೆಂಚಿನ ಮೇಲೆ ಕೂತ. ಅವನ ತುಟಿ ಅಲ್ಲಾಡಿತು. ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳಿಸಿತು: ‘ಬೆಲ್ಲ.’

ಅಕ್ಕ ಮೂರನೆಯ ದಿನ ಮಧ್ಯಾಹ್ನ ಹೋದಳು.

ಅಪ್ಪನ ಲೆಕ್ಕ ಪೂರ್ತಿ ಸುಳ್ಳು ಎಂದು ನಾನು ಹೇಳಲಾರೆ. ಎರಡು ಹೊತ್ತು ಕೂತು ತಿನ್ನುವ ಓನರಮ್ಮ ಊಟ ಬಿಟ್ಟರೆ ಇಳಿಯುತ್ತಾಳೆ. ಆದರೆ ಲಾರಿ ತನ್ನ ಸರಕನ್ನು ತಾನೇ ಉರಿಸುವುದಿಲ್ಲ. ಮೈ ಉರಿಸುತ್ತದೆ, ಎಷ್ಟು ಉರಿಸಬೇಕೆಂದು ಹೇಳುವವರು ಒಳಗೆ ಬೇರೆ ಇದ್ದಾರೆ. ಅವರು ಮಾತು ನಿಲ್ಲಿಸಿದ್ದರೆ ಹೊರಗಿನಿಂದ ರೊಟ್ಟಿ ಎಣಿಸಿ ಏನು ಪ್ರಯೋಜನ? ಅಪ್ಪನಿಗೆ ಇದು ತಿಳಿದದ್ದು ಆಸ್ಪತ್ರೆಯ ಬೆಂಚಿನ ಮೇಲೆ. ನನಗೆ ಒಂದು ತಿಂಗಳು ಮೊದಲೇ ತಿಳಿದಿತ್ತು.

ಅಪ್ಪ ಈಗ ಹಲಗೆ ತಕ್ಕಡಿಯ ಗೋದಾಮಿನ ಕಡೆ ಕಾಲಿಡುವುದಿಲ್ಲ. ಮಗಳನ್ನು ತಾನೇ ಉಪವಾಸ ಕೆಡವಿ ಕೊಂದೆನೆಂದು ನಂಬಿ ಬದುಕುತ್ತಿದ್ದಾನೆ. ಆರ್.ಟಿ. ನಗರದ ಡಾಕ್ಟರ ವಿಷಯ ನಾನು ಅವನಿಗೆ ಇಂದಿಗೂ ಹೇಳಿಲ್ಲ. ಇದು ಅಚ್ಚಾದರೆ ಓದುತ್ತಾನೆ. ಓದಲಿ. ಈ ಒಂದು ಸಲ ಯಾರ ದನಿಯನ್ನೂ ಮಾಡದೆ ಹೇಳಿದ್ದೇನೆ.

ಸ್ಟೇಜು ಬಿಟ್ಟಿದ್ದೇನೆ. ಆದರೆ ಹೋದ ತಿಂಗಳು ಒಂದು ಸಂಜೆ ಅವ್ವ ರೊಟ್ಟಿ ಬಡಿಯುತ್ತ, ಒಲೆಯ ಕಡೆಗೇ ಮುಖ ಮಾಡಿಕೊಂಡು ಕೇಳಿದಳು: ‘ಅಕ್ಕನ ದನಿ ಒಮ್ಮೆ ಮಾಡೋ. ಕೇಳಿ ಭಾಳ ದಿನ ಆತು.’

ಬಾಯಿ ತೆರೆದೆ. ದಪ್ಪಗೆ, ಎಳೆದುಕೊಂಡು ಬಂತು. ‘ತಮ್ಮಾ...’

‘ಅದಲ್ಲೋ. ಅದರ ಮೊದಲಿಂದು. ಆಫೀಸಿಗೆ ಹೋಗುವಾಗ ಮಾತಾಡ್ತಿದ್ಲಲ್ಲ, ಅದು.’

ಪ್ರಯತ್ನಿಸಿದೆ. ಕಣ್ಣು ಮುಚ್ಚಿ ಬಸ್‌ಸ್ಟಾಪು, ಅವಳ ಚೀಲ, ಹಿಂದೆ ಓಡುವ ನಾನು, ಎಲ್ಲವನ್ನೂ ತಂದುಕೊಂಡೆ. ಅವಳ ತುಟಿ ಆಡುವುದು ಕಾಣುತ್ತಿತ್ತು. ದನಿ ಬರಲಿಲ್ಲ. ಅದರಲ್ಲಿ ಗೇಲಿ ಮಾಡುವಂಥದ್ದು ಏನೂ ಇರಲಿಲ್ಲವಾದ್ದರಿಂದ ನಾನು ಅದನ್ನು ಕಲಿತೇ ಇರಲಿಲ್ಲ.

‘ಅದು ಬರೂದಿಲ್ಲ ಅವ್ವಾ,’ ಎಂದೆ.

ಅವ್ವ ಹೆಂಚಿನ ಮೇಲಿನ ರೊಟ್ಟಿ ತಿರುವಿದಳು. ಇನ್ನೊಂದು ಉಂಡೆ ತೆಗೆದುಕೊಂಡು ಬಡಿಯತೊಡಗಿದಳು. ಅದು ಅರ್ಧ ಅಗಲವಾಗಿದ್ದಾಗ ಕೈ ನಿಲ್ಲಿಸಿ ಹೇಳಿದಳು:

‘ಇರ್ಲಿ. ಬರೂದನ್ನ ಮಾಡು.’