ತೆಗೆದುಹಾಕಿದ ಅಕ್ಷರಗಳು

ಊರೂರಿನ ಜನ ಕೂಡಿ ಕಟ್ಟುತ್ತಿದ್ದ ಒಂದು ಸಾಫ್ಟ್‌ವೇರ್ ಇತ್ತು. ಅದರ ಪೂರ್ತಿ ಮುಕ್ತವಾದ ಒಂದು ಪ್ರತಿಯನ್ನು ಪುಣೆಯ ನನ್ನ ಬಾಡಿಗೆ ಕೋಣೆಯಿಂದ ನಾನು ನೋಡಿಕೊಳ್ಳುತ್ತಿದ್ದೆ. ಹೊಸ ಆವೃತ್ತಿ ಬಂದಾಗಲೆಲ್ಲ ಒಂದೊಂದೇ ಫೈಲು ತೆರೆದು ನೋಡಬೇಕು. ಯಾರು ಬೇಕಾದರೂ ಬಳಸಲಿ, ತಿದ್ದಲಿ, ಹಂಚಲಿ ಎಂದು ಮಾಡಿದವರು ಬರೆದುಕೊಟ್ಟಿಲ್ಲವೋ, ಕಿತ್ತುಹಾಕಬೇಕು. ಅಕ್ಕಿಯಲ್ಲಿ ಕಲ್ಲು ಆರಿಸುವ ಕೆಲಸ. ಸಂಬಳವಿಲ್ಲ, ಬೈಗುಳ ಧಾರಾಳ. ನಾನೋ ಕಡ್ಡಿ ಮುರಿದ ಹಾಗೆ ಮಾತಾಡುವವನು, ಯಾರ ಮುಲಾಜೂ ಇಟ್ಟುಕೊಳ್ಳಲಿಲ್ಲ.

ಅದರೊಳಗಿನ ಕನ್ನಡ ಫಾಂಟ್ ಮಾಡಿದವರು ನನ್ನ ಗೆಳೆಯರು. ವಿಜಾಪುರ ಕಡೆಯವರು, ಚಾಕಣದ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಡ್ರಾಯಿಂಗ್ ಮಾಡುತ್ತಿದ್ದರು. ಪ್ರತಿ ಭಾನುವಾರ ಬಂದು, ಪೆನ್ಸಿಲಿನಲ್ಲಿ ಬರೆದ ಅಕ್ಷರಗಳನ್ನು ಹಾಸಿಗೆಯ ಮೇಲೆ ಹರಡುತ್ತಿದ್ದರು.

“ನಿಮ್ಮ ‘ಳ’ ಯಾಕೋ ಸೊಂಟ ಹಿಡದಂಗ ಕಾಣತದಲ್ರಿ,” ಎಂದು ನಾನು ಕಾಡಿಸುತ್ತಿದ್ದೆ.

“ತಿದ್ದೋಣ ತಗೋರಿ,” ಎಂದು ಅವರು ನಗುತ್ತಿದ್ದರು.

ಒಮ್ಮೆ ಪರಿಶೀಲಿಸುವಾಗ ಕಂಡಿತು: ಎಲ್ಲರಿಂದ ಅನುಮತಿ ಬರೆಸಿಕೊಂಡಿದ್ದ ನಾನು ಇವರಿಂದ ಬರೆಸಿಕೊಂಡೇ ಇರಲಿಲ್ಲ. ನಮ್ಮ ಕಡೆ ಗೆಳೆಯರಿಂದ ಕಾಗದ ಬರೆಸಿಕೊಳ್ಳುವುದೆಂದರೆ ನಿನ್ನ ಮೇಲೆ ನಂಬಿಕೆಯಿಲ್ಲ ಎಂದ ಹಾಗೆ. ಕೇಳಲು ಬಾಯಿ ಬರಲಿಲ್ಲ. ನಿಯಮ ಬಿಡಲೂ ಮನಸ್ಸಾಗಲಿಲ್ಲ. ಫಾಂಟ್ ತೆಗೆದುಹಾಕಿದೆ, ಅವರಿಗೆ ಹೇಳಲೂ ಇಲ್ಲ.

ಹೊಸ ಆವೃತ್ತಿ ಹಾಕಿಕೊಂಡಾಗ ಅವರಿಗೆ ಗೊತ್ತಾಗಿರಬೇಕು. ಮುಂದಿನ ಭಾನುವಾರ ಬರಲಿಲ್ಲ. ಆಮೇಲೂ ಬರಲಿಲ್ಲ. ಫೋನ್ ಮಾಡಲು ನನಗೆ ನಾಚಿಕೆ. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾದರೆ ಅವರೇ ಏನೋ ಎಂದು ಎದ್ದು ನಿಲ್ಲುತ್ತಿದ್ದೆ. ಅವರಿಲ್ಲದ ಭಾನುವಾರಗಳು ನನಗೆ ಬೇಡವೇ ಬೇಡವಾಗಿದ್ದವು.

ಎರಡು ವರ್ಷದ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು. ವಾಕಡದ ಅವರ ಮನೆಗೆ ಹೋದೆ. ಫಾಂಟ್ ಏಕೆ ತೆಗೆದೆ ಎಂಬುದನ್ನು ಅವರ ಹೆಂಡತಿಗೆ ಬಿಡಿಸಿ ಹೇಳಿದೆ.

“ಇಷ್ಟ ಏನ್ರಿ ಅಣ್ಣಾರ? ಕೇಳಿದ್ರ ಕುಂತಲ್ಲೇ ಬರದು ಕೊಡತಿದ್ರಲ್ರಿ,” ಎಂದರು ಅವರು. “ಅಕ್ಷರ ಛಂದ ಇಲ್ಲಂತ ತಗದಾರ, ತಿದ್ದಿಕೊಂಡೇ ಅವರ ಕಡೆ ಹೋಗತೀನಿ ಅಂತಿದ್ರು.”

ಒಳಗಿನಿಂದ ಹಾಳೆಗಳ ಕಟ್ಟೊಂದನ್ನು ತಂದು ನನ್ನ ಮುಂದಿಟ್ಟರು. ಹಾಳೆಯ ತುಂಬ ‘ಳ’. ಮುಂದಿನ ಹಾಳೆಯಲ್ಲೂ ಅದೇ. ಅಳಿಸಿ ಅಳಿಸಿ ಕಾಗದ ತೆಳ್ಳಗಾಗಿತ್ತು. ಕೊನೆಯ ಹಾಳೆಯಲ್ಲಿ ಒಂದೇ ಒಂದು ‘ಳ’ ನೆಟ್ಟಗೆ ನಿಂತಿತ್ತು.

“ಭಾಳ ಛಂದ ಆಗ್ಯದ್ರಿ,” ಎಂದೆ. ಯಾರಿಗೆ ಹೇಳಿದೆನೋ.