ಸದ್ದಿಲ್ಲದ ಒಂದು ಬೆಳಗ್ಗೆ

ಸದ್ದೇ ಇಲ್ಲದ ಜಾಗದಲ್ಲಿ ಒಂದು ಬೆಳಗ್ಗೆ ಸುಮ್ಮನೆ ಕೂರಬೇಕು. ಅನಂತರಾಮ್ ಜೀವನದಲ್ಲಿ ಹಟ ಹಿಡಿದು ಬಯಸಿದ್ದು ಇಷ್ಟೇ ಕಣ್ರೀ, ಬಂಗಲೆಯಲ್ಲ, ಕಾರಲ್ಲ. ಸೆಲೆಟಾರ್ ಏರ್‌ಪೋರ್ಟಿನಲ್ಲಿ ಅವರ ಕೆಲಸ. ರಿಪೇರಿಯಾದ ವಿಮಾನದ ಎಂಜಿನ್ನನ್ನು ಪೂರ್ತಿ ಜೋರಿನಲ್ಲಿ ಓಡಿಸಿ ಪರೀಕ್ಷಿಸುವುದು. ಮೈಸೂರು ಬಿಟ್ಟು ಈ ಪರದೇಶಕ್ಕೆ ಬಂದಾಗಿನಿಂದ ಅದೇ. ಚೋವಾ ಚು ಕಾಂಗ್ ಬಡಾವಣೆಯ ಫ್ಲ್ಯಾಟಿಗೆ ಬಂದರೆ ಫ್ಯಾನು, ಟೀವಿ, ಕೆಳಗೆ ವಾಯ್ಡ್ ಡೆಕ್ ಅನ್ನುವ ತೆರೆದ ಹಜಾರದಲ್ಲಿ ಯಾರದ್ದೋ ಮದುವೆ. ಮನುಷ್ಯ ರೋಸಿಹೋಗಿದ್ದರು.

ಆಸ್ಟ್ರೇಲಿಯಾದ ನಟ್ಟನಡುವಿನ ಮರುಭೂಮಿಯಲ್ಲಿ ಟೆಂಟ್ ಹಾಕಿಕೊಂಡು ಇರಬಹುದು, ಸುತ್ತ ಒಂದು ನರಪಿಳ್ಳೆಯೂ ಇರುವುದಿಲ್ಲ ಎಂದು ಯಾರೋ ಹೇಳಿದ್ದೇ ತಡ, ತಮಗೂ ಹೆಂಡತಿಗೂ ಟಿಕೆಟ್ ಬುಕ್ ಮಾಡಿಬಿಟ್ಟರು.

ಆದರೆ ನಮ್ಮವರಲ್ಲಿ ಇಬ್ಬರೇ ಟೂರ್ ಹೋಗುವುದುಂಟೇ? ಹೇಳದೆ ಹೋದರೆ ಜಂಭ ಅನ್ನುತ್ತಾರೆ, ಹೇಳಿದರೆ ಜೊತೆಗೇ ಹೊರಡುತ್ತಾರೆ. ಹೆಂಡತಿ ಮೈಥಿಲಿ ಹೇಳಿಯೇಬಿಟ್ಟರು. ಅದೂ ಎಲ್ಲಿ? ಬ್ಯಾಂಕಿನ ಸಂಪತ್ ಮನೆಯ ಸತ್ಯನಾರಾಯಣ ಪೂಜೆಯಲ್ಲಿ, ಎಲ್ಲರೂ ಊಟಕ್ಕೆ ಕೂತಾಗ! "ನೀವೂ ಬನ್ನಿ" ಅಂದದ್ದು ಬಾಯಿಮಾತಿಗೆ. ಪಾಯಸ ಬಡಿಸುವಷ್ಟರಲ್ಲಿ ಮೂರು ಸಂಸಾರ ತಯಾರು.

"ಇಬ್ರೇ ಹೋಗಿ ಅಲ್ಲೇನ್ರೀ ಮಾಡೋದು? ಮುಖ ಮುಖ ನೋಡ್ಕೊಂಡು ಕೂರೋದಾ?" ಎಂದರು ಮೈಥಿಲಿ, ಮನೆಗೆ ಬಂದ ಮೇಲೆ.

ಹೀಗೆ ಮರುಭೂಮಿಗೆ ಕುಕ್ಕರ್ ಹೋಯಿತು, ಪುಳಿಯೋಗರೆ ಗೊಜ್ಜು ಹೋಯಿತು, ಸಂಪತ್‌ನ ಸ್ಪೀಕರ್ರೂ ಹೋಯಿತು. ಮೊದಲ ಬೆಳಗ್ಗೆ ಆ ಕೆಂಪು ಮರಳಿನ ಮೇಲೆ ಬಿಸಿಲು ಬೀಳುವ ಮುಂಚೆಯೇ ಕುಕ್ಕರ್ ಕೂಗಿತು. ಆಮೇಲೆ ಹಾಡು. ಆಮೇಲೆ ಅಂತ್ಯಾಕ್ಷರಿ. ಸಂಪತ್‌ನ ಮಗಳು ಅನಘಾ ಓಡಿ ಬಂದು ಕೈ ಹಿಡಿದು ಎಳೆದಳು.

"ಅಂಕಲ್, ನಿಮ್ ಟರ್ನ್ ಲಾ!"

ಅನಂತರಾಮ್ ಕೈ ಕೊಡವಿದರು. "ಥೂ! ಒಂದ್ ನಿಮಿಷ ಬಾಯ್ಮುಚ್ಕೊಂಡ್ ಇರೋಕ್ ಬರಲ್ವಾ ನಿಮ್ಗೆಲ್ಲಾ? ಯಾರ್ರೀ ಕರೆದಿದ್ದು ನಿಮ್ಮನ್ನ ಇಲ್ಲಿಗೆ?"

ಕರೆದವರು ಪಕ್ಕದಲ್ಲೇ ನಿಂತಿದ್ದರು. ಮೈಥಿಲಿಯ ಮುಖ ಸುಟ್ಟ ಬದನೆಕಾಯಿಯ ಹಾಗಾಯಿತು. ಸಂಪತ್ ಸ್ಪೀಕರ್ ಆಫ್ ಮಾಡಿ, "ಸಾರಿ ಸರ್" ಎಂದು ಮಗಳನ್ನು ಹತ್ತಿರ ಕೂರಿಸಿಕೊಂಡ. ಮತ್ತೆ ಯಾರೂ ತುಟಿ ಬಿಚ್ಚಲಿಲ್ಲ.

ಅನಂತರಾಮ್ ಅಷ್ಟು ದೂರ ನಡೆದು ಹೋಗಿ ಮರಳಿನ ಮೇಲೆ ಕೂತು ಕಣ್ಣು ಮುಚ್ಚಿದರು. ಗಾಳಿಯೂ ಇರಲಿಲ್ಲ. ಆಹಾ, ಎಂದುಕೊಳ್ಳುವಷ್ಟರಲ್ಲಿ ಕೇಳಿಸಿತು. ಕುಂಯ್ ಎಂದು ಸಣ್ಣಗೆ, ಎಂಜಿನ್ನಿನ ಅದೇ ಕೀರಲು ಸದ್ದು. ಕಣ್ಣು ಬಿಟ್ಟು ಆಕಾಶ ನೋಡಿದರು, ವಿಮಾನವಿಲ್ಲ. ಎರಡೂ ಕಿವಿ ಒತ್ತಿ ಮುಚ್ಚಿಕೊಂಡರು. ಸದ್ದು ಇನ್ನೂ ಹತ್ತಿರವಾಯಿತು. ಸದ್ದು ಇದ್ದದ್ದು ತಲೆಯೊಳಗೆ. ಎಷ್ಟು ವರ್ಷದಿಂದ ಇತ್ತೋ ಏನೋ. ಊರಿನ ಗದ್ದಲವೇ ಅದನ್ನು ಮುಚ್ಚಿಟ್ಟು ಅವರನ್ನು ಕಾಪಾಡಿತ್ತು.

ಎದ್ದು ಬಿದ್ದು ಟೆಂಟಿನ ಹತ್ತಿರ ಬಂದರು. "ಅನಘಾ, ಹಾಡಮ್ಮ. ಏನಾದ್ರೂ ಹಾಡು, ಪ್ಲೀಸ್."

ಹುಡುಗಿ ಅಪ್ಪನ ಮುಖ ನೋಡಿದಳು.

"ಬೇಡ ಸರ್, ನಿಮ್ಗೆ ಡಿಸ್ಟರ್ಬ್ ಆಗತ್ತೆ" ಎಂದ ಸಂಪತ್, ತುಂಬ ವಿನಯದಿಂದ.

"ಮೈಥಿಲಿ, ನೀನಾದ್ರೂ ಮಾತಾಡೇ."

ಮೈಥಿಲಿ ತಟ್ಟೆ ಒರೆಸುತ್ತಿದ್ದರು. ತಲೆ ಎತ್ತಲಿಲ್ಲ.