ಹುಸೇನಬಾಷಾನ ಮೂವತ್ತೊಂದು ಚಾಕು

ಸಿಂಧನೂರಿನಲ್ಲಿ ಅಕ್ಕಿ ಗಿರಣಿಯೊಂದರ ಎದುರು ನಲವತ್ತು ವರ್ಷ ಬೀಗ ರಿಪೇರಿ ಮಾಡಿದ ಹುಸೇನಬಾಷಾ ಓದಿದ್ದು ಮೂರನೆಯ ಇಯತ್ತೆ. ಆದರೆ ಮಡಚುವ ಹಳೇ ಚಾಕುವೊಂದನ್ನು ಅವನ ಮುಂದಿಟ್ಟರೆ ಸಾಕು, ಅದು ಹುಟ್ಟಿದ ಊರು, ಅದರ ವಯಸ್ಸು, ಅದನ್ನು ಜೇಬಿನಲ್ಲಿಟ್ಟುಕೊಂಡವನ ಕಸುಬು ಎಲ್ಲವನ್ನೂ ಬಿಡಿಸಿ ಹೇಳುತ್ತಿದ್ದ. ಅಲಗಿನ ಬುಡದಲ್ಲಿ ಅಕ್ಕಿಕಾಳಿನಷ್ಟು ಮುದ್ರೆ ಇರುತ್ತದೆ. ತುಕ್ಕು ತಿಂದಿದ್ದರೂ ಸೀಮೆಸುಣ್ಣ ಸವರಿ ಬಿಸಿಲಿಗೆ ಓರೆ ಹಿಡಿದರೆ ಅಕ್ಷರ ಎದ್ದು ಕಾಣುತ್ತವೆ. ಮುದ್ರೆ ಇಲ್ಲದ್ದಾದರೆ ಕಿವಿಯ ಹತ್ತಿರ ತೆರೆದು ಮುಚ್ಚಿ ಸ್ಪ್ರಿಂಗಿನ ಸಪ್ಪಳ ಕೇಳುತ್ತಿದ್ದ. ಇದನ್ನೆಲ್ಲ ಅವನಿಗೆ ಯಾರೂ ಹೇಳಿಕೊಡಲಿಲ್ಲ. ಗುಜರಿಯವರ ಕಬ್ಬಿಣದ ರಾಶಿ ಕೆದಕಿ ಕೆದಕಿ ತಾನೇ ಕಲಿತದ್ದು. ಮಹಾನವಮಿಯ ಆಯುಧ ಪೂಜೆಗೆಂದು ಇಟ್ಟಂಗಿ ಪುಡಿ, ಹುಣಸೆಹಣ್ಣು ಹಾಕಿ ಮುದ್ರೆ ಅಳಿಸಿ ಹೋಗುವಂತೆ ತಿಕ್ಕಿ ತಂದವರಿಗೆ, "ಮುಖಾನ ಉಜ್ಜಿ ತಗದು ಇಂವ ಯಾರು ಅಂತ ಕೇಳ್ತೀರೇನ್ರಿ?" ಎಂದು ಬೈಯುತ್ತಿದ್ದ.

ಚುನಾವಣೆಗೆ ಇನ್ನು ಹದಿನೈದು ದಿನ ಇತ್ತು. ಲಿಂಗಸುಗೂರಿನಲ್ಲಿ ಹಳೇ ನಾಣ್ಯ ಕೂಡಿಡುವವರು ಪ್ರದರ್ಶನ ಇಟ್ಟು, ಚಾಕುಗಳನ್ನೂ ತನ್ನಿ ಎಂದು ಅವನನ್ನು ಕರೆದರು. ಅರವತ್ತಾರು ವರ್ಷದ ಬದುಕಿನಲ್ಲಿ ಅವನ ವಿದ್ಯೆಗೂ ಒಂದು ಮೇಜು ಕೊಡುತ್ತೇವೆ ಎಂದವರು ಅವರೇ ಮೊದಲಿಗರು. ಆ ಹುಮ್ಮಸ್ಸಿನಲ್ಲಿ ರಸ್ತೆಯ ತಪಾಸಣೆ ಅವನ ನೆನಪಿಗೇ ಬರಲಿಲ್ಲ. ಇಷ್ಟು ವರ್ಷ ಗುಜರಿಯಿಂದ ಆರಿಸಿ ಕೂಡಿಟ್ಟ ಮೂವತ್ತೊಂದು ಚಾಕುಗಳನ್ನು ಲುಂಗಿಯ ತುಂಡುಗಳಲ್ಲಿ ಸುತ್ತಿ, ಚೀಲಕ್ಕೆ ತುಂಬಿ ಬಸ್ಸು ಹತ್ತಿದ.

ಮಸ್ಕಿ ದಾಟಿ ಸಂತೆಕಲ್ಲೂರಿನ ಕಡೆಗೆ ಹೊರಳಿದ ಮೇಲೆ ಪೊಲೀಸರು ಬಸ್ಸು ತಡೆದರು. ಪೇದೆಯೊಬ್ಬ ಚೀಲ ಬಿಚ್ಚಿ ಕೈಹಾಕಿದವನು ಚೇಳು ಮುಟ್ಟಿದಂತೆ ಹಿಂದಕ್ಕೆ ಸರಿದ.

"ಮೇಡಂ! ಬರೇ ಚಾಕು ಅದಾವ್ರೀ!"

ಪಕ್ಕದ ಸೀಟಿನ ಮುದುಕಿ ಬಸವಣ್ಣೆಮ್ಮ ಬುಟ್ಟಿ ಎತ್ತಿಕೊಂಡು ಎದ್ದೇ ಬಿಟ್ಟಳು. "ಅಯ್ಯ ಶಿವನ, ಇವನ ಮಗ್ಗಲಕ್ಕ ಕುಂತು ಬುತ್ತಿ ಉಂಡ್ನೆಲ್ಲಪ್ಪೋ!"

ಹುಸೇನಬಾಷಾ ಚೀಲದ ಬಾಯಿಗೆ ಎರಡೂ ಕೈ ಅಡ್ಡ ಹಿಡಿದ. ಚುನಾವಣೆಯ ಹೊತ್ತು, ಚೀಲದ ತುಂಬ ಚಾಕು, ಮೇಲೆ ತನ್ನ ಹೆಸರು. ಇಷ್ಟೂ ಸೇರಿದರೆ ಏನಾಗುತ್ತದೆಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಜೈಲಿನ ಭಯ ಒಂದು ಕಡೆ. ಮೂವತ್ತೊಂದೂ ಠಾಣೆಯ ಮೂಲೆಯ ಗೋಣಿಚೀಲಕ್ಕೆ ಬಿದ್ದು ತುಕ್ಕಾಗಿ ಹೋಗುತ್ತವೆ ಎಂಬ ಭಯ ಅದಕ್ಕಿಂತ ದೊಡ್ಡದು.

ಕೆಳಗೆ ಇಳಿಸಿದರು. ಸಬ್ ಇನ್ಸ್‌ಪೆಕ್ಟರ್ ಭಾಗ್ಯಶ್ರೀ ಕೈ ಚಾಚಿದಳು. "ಒಂದೊಂದಾ ಕೊಡು. ಏನು ಎತ್ತ ಹೇಳು."

ಅವನು ಮೊದಲನೆಯದನ್ನು ಬಿಚ್ಚಿ ಅವಳ ಕಾಲ ಹತ್ತಿರ ನೆಲದ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದ.

"ಏಯ್! ಕೈಗೆ ಕೊಡು ಅಂದ್ರ ನೆಲಕ್ಕ ಒಗೀತಿ? ಸೊಕ್ಕೇನು?"

"ಸೊಕ್ಕಲ್ರೀ ಮೇಡಂ. ಚಾಕು ಕೈಯಿಂದ ಕೈಗೆ ಕೊಡಂಗಿಲ್ರಿ. ಕೊಟ್ಟವ್ರಿಗೂ ತಗೊಂಡವ್ರಿಗೂ ಜಗಳ ಬೀಳ್ತೈತಿ."

"ಈಗೇನು ಕಮ್ಮಿ ಬಿದ್ದೈತೇನು?" ಎಂದು ಯಾರೋ ಬಸ್ಸಿನ ಕಿಟಕಿಯಿಂದ ಕೂಗಿದರು. ಅವಳು ಹಲ್ಲು ಕಚ್ಚಿ ತಾನೇ ಬಗ್ಗಿ ಎತ್ತಿಕೊಂಡಳು.

ಅವನು ಹೇಳುತ್ತ ಹೋದ. ಇದು ಕಾಲುವೆ ಅಳೆಯಲು ಬಂದ ಓವರ್‌ಸಿಯರನದು, ಪೆನ್ಸಿಲ್ ಕೆತ್ತಿ ಕೆತ್ತಿ ಅಲಗಿನ ನಡುವೆ ಸವೆದಿದೆ. ಇದು ನಿಜಾಮನ ಕಾಲದ ಸವಾರನದು, ಈ ಕೊಕ್ಕೆ ಕುದುರೆಯ ಗೊರಸಿನ ಕಲ್ಲು ತೆಗೆಯಲು. ಇದು ಎಡಗೈಯವನದು. ನಡುಕವಿದ್ದ ದನಿ ಹತ್ತನೆಯದಕ್ಕೆ ಬರುವಷ್ಟರಲ್ಲಿ ಗಟ್ಟಿಯಾಗಿತ್ತು. ಕಂಡಕ್ಟರ್ ಮಾತ್ರ, "ಲಗೂನ ಮುಗಸ್ರೀ ಮೇಡಂ, ಡಿಪೋದಾಗ ನನ್ನ ಕುತ್ತಿಗಿ ಹಿಡೀತಾರ" ಎಂದು ಗೊಣಗುತ್ತಿದ್ದ.

ಕೊನೆಯದು ಉಳಿಯಿತು. ಕರಿ ಕೋಡಿನ ಹಿಡಿ, ಹಿತ್ತಾಳೆಯ ಗುಂಡಿ. ರಾಂಪುರಿ. ಒತ್ತಿದರೆ ತಾನೇ ಬಿಚ್ಚಿಕೊಳ್ಳುವಂಥದು. ಇಂಥದನ್ನು ಇಟ್ಟುಕೊಳ್ಳುವುದೇ ಅಪರಾಧ ಎಂದು ಗೊತ್ತಿದ್ದೂ ಅದನ್ನು ನೆಲಕ್ಕಿಟ್ಟ.

"ಇದು?"

ಅವನು ಬಾಯಿ ತೆರೆಯುವ ಮೊದಲೇ, ಅವನನ್ನು ಬಲ್ಲ ಪೇದೆ ಸುನೀಲ ಅಡ್ಡ ಬಂದ. "ಹಣ್ಣು ಹೆಚ್ಚೋದ್ರೀ ಮೇಡಂ." ಹೌದನ್ನು ಚಾಚಾ ಎಂದು ಕಣ್ಣಲ್ಲೇ ಬೇಡಿಕೊಂಡ.

ಹೌದು ಎಂದರೆ ಎಲ್ಲವೂ ಉಳಿಯುತ್ತವೆ. ಆದರೆ ಚಾಕುವಿನ ವಿಷಯದಲ್ಲಿ ಅವನು ಈವರೆಗೆ ಸುಳ್ಳು ಹೇಳಿದವನಲ್ಲ. ನಾಲಿಗೆ ಏಳಲಿಲ್ಲ. ಅಲ್ಲ ಎನ್ನುವ ಧೈರ್ಯವೂ ಬರಲಿಲ್ಲ.

ಹಣ್ಣಿನ ಚಾಕು ತಾನೆ ಎಂದು ಭಾಗ್ಯಶ್ರೀ ನೆಲದಿಂದ ಎತ್ತಿಕೊಂಡಳು. ಎತ್ತಿಕೊಂಡದ್ದು ತಿರುವುಮುರುವಾಗಿತ್ತು. ಅಲಗಿನ ಸೀಳು ಅಂಗೈ ಕಡೆಗೆ, ಮಡಚಿದ ಮೊನೆ ಮಣಿಕಟ್ಟಿನ ನರದ ಮೇಲೆ. ಅವಳ ಹೆಬ್ಬೆರಳು ಗುಂಡಿ ಹುಡುಕಿಕೊಂಡು ಹೋಗುತ್ತಿತ್ತು.

"ಒತ್ತಬ್ಯಾಡ್ರೀ!"

ಹುಸೇನಬಾಷಾ ಹಾರಿ ಹೋಗಿ ಅವಳ ಕೈ ಹಿಡಿದುಬಿಟ್ಟ. ಮರುಗಳಿಗೆಯಲ್ಲಿ ಇಬ್ಬರು ಪೇದೆಗಳು ಅವನ ತೋಳು ತಿರುವಿ ಜೀಪಿನ ಬಾನೆಟ್ಟಿಗೆ ಮುಖ ಒತ್ತಿದರು. ಕಾದ ತಗಡು ಕೆನ್ನೆ ಸುಟ್ಟಿತು.

"ಆಫೀಸರ್ ಮ್ಯಾಲೆ ಕೈ ಮಾಡ್ತಿಯೇನ್ಲೇ!"

"ರಾಂಪುರಿ ಐತ್ರಿ ಅದು!" ಮುಖ ಒತ್ತಿಸಿಕೊಂಡೇ ಕೂಗಿದ. "ಹಣ್ಣಿಂದಲ್ಲ! ಬೆನ್ನಿಗೂ ಎರಡು ಬೆರಳಿನಷ್ಟು ಧಾರಿ ಅದ! ಮೇಡಂ, ಬಾಯಿ ಆ ಕಡಿ ಮಾಡಿ ಒತ್ರಿ, ನೀವಾ ನೋಡ್ರಿ!"

ಅವಳು ಚಾಕುವನ್ನು ತಿರುಗಿಸಿ, ತೋಳು ಉದ್ದಕ್ಕೆ ಚಾಚಿ ಒತ್ತಿದಳು. ಅಲಗು ಚಟ್ಟೆಂದು ಹೊರಗೆ ಹಾರಿತು. ಅವಳು ಅಲಗಿನ ಬೆನ್ನಿನ ಧಾರೆ ನೋಡಿದಳು, ಆಮೇಲೆ ತನ್ನ ಮಣಿಕಟ್ಟು. ಸುನೀಲನ ಕಡೆಗೂ ಒಮ್ಮೆ ನೋಡಿದಳು. ಅವನು ತಲೆ ತಗ್ಗಿಸಿದ.

"ಬಿಡ್ರಿ ಅವನ್ನ."

ಭಾಗ್ಯಶ್ರೀ ಆ ಚಾಕುವನ್ನು ಜೀಪಿನ ಬಾನೆಟ್ಟಿನ ಮೇಲಿಟ್ಟಳು.

"ಮೂವತ್ತು ತಗೊಂಡು ನಡಿ," ಎಂದಳು. "ಇದೊಂದು ಬಿಡಂಗಿಲ್ಲ. ಚೀಟಿ ಮಾಡಿ ಇಟ್ಕೋತೀವಿ. ಚುನಾವಣಿ ಮುಗದ ಮ್ಯಾಲ ಅರ್ಜಿ ಹಾಕು."

ಬರೆಯುವ ಪೇದೆ ಒಂದೇ ಸಾಲು ಗೀಚಿ ಕಾಗದ ಚಾಚಿದ: 'ಹಳೆಯ ಚಾಕು ಒಂದು.'

"ಇದಕ್ಕ ಸಹಿ ಹಾಕಂಗಿಲ್ರಿ," ಎಂದ ಹುಸೇನಬಾಷಾ, ತೋಳು ನೀವಿಕೊಳ್ಳುತ್ತ.

"ಇನ್ನೂ ಹೊಟ್ಟಿ ತುಂಬಿಲ್ಲೇನೋ ನಿಂಗ?"

"ಹಿಂಗ ಬರದ್ರ ನಾಳೆ ಯಾವ್ದರ ಒಂದು ಚಾಕು ತಂದು ಇದಾ ನಿಂದು ಅಂತೀರಿ. ನಾ ಹೇಳ್ತೀನಿ, ಬರಕೋರಿ."

ಪೇದೆ ಮೇಡಂ ಕಡೆ ನೋಡಿದ. ಅವಳು, "ಬರಿ" ಎಂದಳು.

ಕೋಡಿನ ಹಿಡಿ, ಎಡಮಗ್ಗುಲಿಗೆ ಕೂದಲೆಳೆ ಬಿರುಕು. ಹಿತ್ತಾಳೆ ಮೊಳೆ ಮೂರು, ನಡುವಿನದು ಬದಲಿ ಹಾಕಿದ್ದು. ಮುದ್ರೆಯಲ್ಲಿ ಅರ್ಧ ಚಂದ್ರ, ಕೆಳಗಿನ ಅಕ್ಷರ ಸವೆದಿದೆ. ಅವನು ನಿಂತು ಬರೆಸಿದ. ಬಸ್ಸಿನವನು ಮೂರು ಸಲ ಹಾರ್ನ್ ಹೊಡೆದ. ಬರೆದದ್ದನ್ನು ಬೆರಳಿಟ್ಟು ಅಕ್ಷರ ಕೂಡಿಸಿ ಓದಿದ.

"ಅಲಗು ಏಳೂವರಿ ಇಂಚು ಅಲ್ರಿ," ಎಂದ. "ಏಳೂಕಾಲು."

ಪೇದೆ ಅದನ್ನೂ ತಿದ್ದಿದ ಮೇಲೆ ಸಹಿ ಹಾಕಿದ.